ಹಳೆಯ ದಸ್ತಗಿರಿಯೂ ಮಕ್ಕಳ ಪಾಲನೆಯ ಕೆಲಸವೂ



ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ನಮ್ಮ ಸಭೆಗಳ ಸ್ತ್ರೀಯರು ದಿನಗೂಲಿಯನ್ನು ಬಿಟ್ಟು ತಿಂಗಳ ಸಂಬಳದ ಕೆಲಸವನ್ನು ಹುಡುಕಹೋದರೆ, ಅವರ ಮುಂದೆ ತೆರೆದಿರುವ ಬಾಗಿಲುಗಳು ಬಹಳವಿಲ್ಲ. ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ, ಶಾಲೆಯ ಬಿಸಿಯೂಟದ ಅಡಿಗೆ, ವಸತಿನಿಲಯದಲ್ಲಿ ಆಯಾ ಕೆಲಸ, 2023ರಿಂದೀಚೆಗೆ ಗ್ರಾಮ ಪಂಚಾಯಿತಿಗಳಲ್ಲಿ ಕೂಲಿಯ ತಾಯಂದಿರ ಕೂಸುಗಳಿಗಾಗಿ ತೆರೆಯಲ್ಪಟ್ಟ ಕೂಸಿನ ಮನೆಗಳಲ್ಲಿ ಆರೈಕೆಯ ಕೆಲಸ, ಇಲ್ಲವೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಯಾರಾದರೊಬ್ಬರ ಮಗುವನ್ನು ಆಡಿಸುವ ಕೆಲಸ, ಇಷ್ಟೇ. ಇವೆಲ್ಲವೂ ಎಳೆಯ ಮಕ್ಕಳ ಬಳಿಯಲ್ಲಿ ಮಾಡುವ ಕೆಲಸಗಳೆಂಬದನ್ನು ಗಮನಿಸಬೇಕು. ಆದಕಾರಣ ಮಕ್ಕಳ ಬಳಿಗೆ ಬರಬಾರದವಳೆಂಬ ಮಾತು ಒಬ್ಬಳ ಮೇಲೆ ಬಿದ್ದರೆ, ನಮ್ಮ ಕಡೆಯಲ್ಲಿ ಅವಳಿಗೆ ಒಂದು ಬಾಗಿಲಲ್ಲ, ಹೆಚ್ಚುಕಡಿಮೆ ಎಲ್ಲಾ ಬಾಗಿಲುಗಳೂ ಮುಚ್ಚಿದಂತೆಯೇ ಆಗುವದು.

ಒಬ್ಬ ಸ್ತ್ರೀಯನ್ನು ನಾವು ಮನಸ್ಸಿನಲ್ಲಿ ತಂದುಕೊಳ್ಳೋಣ. ಆಕೆಯು ಇಂಥ ಊರಿನ ಇಂಥವಳೆಂದು ನಾವು ಹೇಳುವದಿಲ್ಲ. ಯಾಕಂದರೆ ವಿಷಯವನ್ನು ತಿಳಿಯುವದಕ್ಕಾಗಿ ನಾವೇ ಕಲ್ಪಿಸಿಕೊಂಡವಳು ಆಕೆ. ಆದರೂ ಓದುವವರಲ್ಲಿ ಕೆಲವರು, ಇವಳನ್ನು ನಾವು ಬಲ್ಲೆವೆಂದು ಹೇಳಿಯಾರು. ಹದಿನಾಲ್ಕು ವರ್ಷಗಳ ಹಿಂದೆ, ಮದುವೆಯಾದ ಎರಡನೆಯ ವರ್ಷದಲ್ಲಿ, ಆಕೆಯ ಗಂಡನ ಮನೆಯವರಿಗೂ ಪಕ್ಕದ ಹೊಲದವರಿಗೂ ಬದುವಿನ ವಿಷಯವಾಗಿ ಜಗಳ ಹತ್ತಿತು. ದೊಣ್ಣೆಯ ಏಟು ಬಿದ್ದು ಎದುರಿನವನೊಬ್ಬನ ಕೈಮೂಳೆ ಮುರಿಯಿತು. ಏಟು ತಿಂದವರ ಕಡೆಯವರು ದೂರಿನಲ್ಲಿ ಮನೆಮಂದಿಯೆಲ್ಲರ ಹೆಸರುಗಳನ್ನೂ ಬರೆಯಿಸಿದರು. ಹೊಲಕ್ಕೆ ಬುತ್ತಿಯನ್ನು ಹೊತ್ತು ತಂದಿದ್ದ ಈ ಸೊಸೆಯ ಹೆಸರೂ ಅದರಲ್ಲಿ ಸೇರಿತು. ಪೋಲೀಸಿನವರು ಊರಿನವರೆಲ್ಲ ನೋಡುತ್ತಿರುವಾಗಲೇ ಆಕೆಯನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಸಂಜೆಯೊಳಗೆ ಜಾಮೀನು ದೊರೆಯಿತು. ಮೂರು ವರ್ಷಗಳ ತನಕ ವಾಯಿದೆಗಳಿಗೆ ಅಲೆದ ಮೇಲೆ ಎರಡೂ ಕಡೆಯವರು ರಾಜಿಯಾದರು, ಮೊಕದ್ದಮೆಯು ಮುಗಿಯಿತು. ಈಗ ಆಕೆಗೆ ಇಬ್ಬರು ಮಕ್ಕಳುಂಟು, ಗಂಡನು ಕಾಯಿಲೆಯವನು. ಮಕ್ಕಳ ವಸತಿನಿಲಯವೊಂದರಲ್ಲಿ ಆಯಾ ಬೇಕೆಂದು ಕೇಳಿ ಅರ್ಜಿಯನ್ನು ತಂದಿದ್ದಾಳೆ. ಅರ್ಜಿಯಲ್ಲಿ ಒಂದು ಪ್ರಶ್ನೆಯುಂಟು: ನೀವು ಎಂದಾದರೂ ದಸ್ತಗಿರಿಯಾಗಿದ್ದೀರೋ? ಅದರ ಮುಂದೆ ಬರೆಯುವದಕ್ಕೆ ಒಂದು ಬೆರಳಿನಷ್ಟು ಸ್ಥಳ.

ಆಕೆಯು ಏನು ಬರೆಯತಕ್ಕದ್ದು? ಬರೆದದ್ದನ್ನು ಓದುವವರು ಏನು ಮಾಡತಕ್ಕದ್ದು? ಆಕೆಯನ್ನು ಬಲ್ಲ ಸಭೆಯವರು ಏನು ಹೇಳತಕ್ಕದ್ದು? ಈ ಮೂರು ಪ್ರಶ್ನೆಗಳನ್ನು ಕುರಿತು ನಾವು ಈ ತಿಂಗಳು ಸ್ವಲ್ಪ ಯೋಚಿಸಬೇಕೆಂದಿದ್ದೇವೆ.

ಮೊದಲು ದಸ್ತಗಿರಿಯೆಂದರೇನೆಂಬದು ತಿಳಿದಿರಬೇಕು. ಒಬ್ಬರ ಮೇಲೆ ಸಂಶಯವುಂಟಾಗಿದೆ, ಅವರನ್ನು ವಿಚಾರಣೆಗಾಗಿ ಹಿಡಿದಿದ್ದೇವೆಂದು ಪೋಲೀಸಿನವರು ಹೇಳುವ ಮಾತು ಅದು, ನ್ಯಾಯಾಧಿಪತಿಯ ತೀರ್ಪಲ್ಲ. ಹಿಡಿಯಲ್ಪಟ್ಟವರಲ್ಲಿ ಕೆಲವರ ವಿಷಯದಲ್ಲಿ ಪೋಲೀಸಿನವರೇ ಸಾಕ್ಷಿಯಿಲ್ಲವೆಂದೋ ದೂರು ಸುಳ್ಳೆಂದೋ ಬಿ ರಿಪೋರ್ಟನ್ನು ಹಾಕುವರು. ಕೆಲವರು ವಿಚಾರಣೆಯಲ್ಲಿ ಖುಲಾಸೆಯಾಗುವರು. ಕಾನೂನು ಒಪ್ಪುವ ಚಿಕ್ಕ ಅಪರಾಧಗಳಲ್ಲಿ ರಾಜಿಯಾದರೆ ಅದರ ಫಲವೂ ಕಾನೂನಿನ ಪ್ರಕಾರ ಖುಲಾಸೆಯೇ. ಊರ ಜಾತ್ರೆಯ ಇಲ್ಲವೆ ಚುನಾವಣೆಯ ಸಮಯದಲ್ಲಿ ಶಾಂತಿಯನ್ನು ಕಾಪಾಡುವದಕ್ಕಾಗಿ ಬರೆಯಿಸಿಕೊಳ್ಳುತ್ತಿದ್ದ ಮುಚ್ಚಳಿಕೆಯು, ಅಂದರೆ ಜನರ ಬಾಯಿಯಲ್ಲಿ ನೂರೇಳು ಎಂದು ಹೆಸರಾದದ್ದು, ಅಪರಾಧವೇ ಅಲ್ಲ. 2024ನೇ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಅದರ ನಂಬರು ಬೇರೆಯಾಗಿದೆ. ಜನರು ಮಾತ್ರ ನೂರೇಳು ಎಂದೇ ಹೇಳುವರು. 2014ರಲ್ಲಿ ನಮ್ಮ ದೇಶದ ಸುಪ್ರೀಂ ಕೋರ್ಟು ಬಿಹಾರದ ಒಂದು ಮೊಕದ್ದಮೆಯಲ್ಲಿ ತೀರ್ಪು ಕೊಡುತ್ತಾ, ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಕಾರಣವಿಲ್ಲದೆ ಯಾರನ್ನೂ ಹಿಡಿಯಕೂಡದೆಂದು ಪೋಲೀಸಿನವರಿಗೆ ಆಜ್ಞಾಪಿಸಿತು. ದಸ್ತಗಿರಿಯು ಅವಮಾನವನ್ನು ತರುವದಲ್ಲದೆ ಎಂದಿಗೂ ಮಾಯದ ಕಲೆಯನ್ನು ಉಳಿಸುವದೆಂಬ ಅಭಿಪ್ರಾಯವನ್ನು ಆ ತೀರ್ಪಿನಲ್ಲಿ ಕಾಣಬಹುದು. ದೊಡ್ಡ ನ್ಯಾಯಾಧಿಪತಿಗಳು ಕಂಡುಕೊಂಡದ್ದು ನಮ್ಮ ಹಳ್ಳಿಯವರಿಗೆ ಹೊಸದಲ್ಲ. ಜೀಪು ಬಂದದ್ದನ್ನು ಊರೆಲ್ಲಾ ನೋಡುವದು. ಖುಲಾಸೆಯ ಕಾಗದವು ಬಂದದ್ದನ್ನು ಯಾರು ನೋಡಿದ್ದಾರೆ?

ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನು ಇಂಥಲ್ಲಿ ಹೇಳುವವರುಂಟು. ಆ ಗಾದೆಯನ್ನು ಮಾಡಿದವನು ಚಳಿಗಾಲದ ಮುಂಜಾನೆ ನಮ್ಮ ಹಿತ್ತಲಿನ ತಿಪ್ಪೆಯನ್ನು ನೋಡಿರಲಿಲ್ಲವೆಂದು ತೋರುತ್ತದೆ. ಹಸಿ ಗೊಬ್ಬರವನ್ನು ಕೆದಕಿದ ಕೂಡಲೇ ಅದರಿಂದ ಬೆಳ್ಳಗೆ ಏಳುವದು ದೂರದಿಂದ ಹೊಗೆಯ ಹಾಗೆಯೇ ಕಾಣುವದು; ಕೈಯಿಟ್ಟು ನೋಡಿದರೆ ಬೆಂಕಿಯಿಲ್ಲ, ಹಬೆ. ಕೈಯಿಟ್ಟು ನೋಡಬೇಕಾದದ್ದೇ ಇಲ್ಲಿಯ ಸಂಗತಿ. ಬಡವರ ವಿಷಯದಲ್ಲಿ ಇದು ಇನ್ನೂ ಹೆಚ್ಚಾಗಿ ಸತ್ಯ. 2022ರ ಸರಕಾರೀ ಲೆಕ್ಕದ ಮೇರೆಗೆ ನಮ್ಮ ದೇಶದ ಸೆರೆಮನೆಗಳಲ್ಲಿದ್ದವರೊಳಗೆ 100ರಲ್ಲಿ 70ಕ್ಕಿಂತ ಹೆಚ್ಚು ಮಂದಿ ಇನ್ನೂ ತೀರ್ಪಾಗದೆ ವಿಚಾರಣೆಯನ್ನು ಕಾಯುತ್ತಿದ್ದವರು. ಜಾಮೀನಿಗೆ ನಿಲ್ಲುವವರಿದ್ದವನು ಹೊರಗೆ ಬರುವನು, ಇಲ್ಲದವನು ಒಳಗೇ ಇರುವನು. ಊರಿನವರು ಮಾತ್ರ ಒಳಗಿದ್ದವನನ್ನು ದೊಡ್ಡ ತಪ್ಪಿತಸ್ಥನೆಂದೂ ಹೊರಗೆ ಬಂದವನನ್ನು ಚಿಕ್ಕ ತಪ್ಪಿತಸ್ಥನೆಂದೂ ಎಣಿಸುವರು.

ಸಂಶಯವನ್ನೇ ತೀರ್ಪೆಂದು ಹಿಡಿದರೆ ಏನಾಗುವದೆಂಬದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿ ಒಂದು ಕರಾಳವಾದ ದೃಷ್ಟಾಂತವುಂಟು. 1871ರಲ್ಲಿ ಬ್ರಿಟಿಷ್ ಸರಕಾರದವರು ಮಾಡಿದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಿಂದ ಒಬ್ಬೊಬ್ಬ ಮನುಷ್ಯನಲ್ಲ, ಇಡೀ ಕುಲಗಳೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿಗೆ ಸೇರಿದವು. ಅವರು ಠಾಣೆಯಲ್ಲಿ ಹೆಸರು ಬರೆಯಿಸಬೇಕಾಗಿತ್ತು. ಅಪ್ಪಣೆಯಿಲ್ಲದೆ ಊರು ಬಿಡುವ ಹಾಗಿರಲಿಲ್ಲ. 1911ರ ತಿದ್ದುಪಡಿಯ ಮೇಲೆ ಅವರನ್ನು ಬೇಲಿಯೊಳಗಿನ ವಸಾಹತುಗಳಲ್ಲಿ ಇರಿಸಿದರು. ಅಂಥದೊಂದು ವಸಾಹತು ಹುಬ್ಬಳ್ಳಿಯಲ್ಲಿತ್ತು. ಅದೇ ಕಾಯಿದೆಯು ತಂದೆತಾಯಿಗಳಿಂದ ಮಕ್ಕಳನ್ನು ಬೇರ್ಪಡಿಸಿ ಬೇರೆ ಶಾಲೆಗಳಲ್ಲಿಡುವದಕ್ಕೂ ಅಧಿಕಾರ ಕೊಟ್ಟಿತು. ಅಂದರೆ ಆ ತಾಯಂದಿರು ಪರರ ಮಕ್ಕಳನ್ನಿರಲಿ, ತಮ್ಮ ಹೊಟ್ಟೆಯ ಮಕ್ಕಳನ್ನು ಸಾಕುವದಕ್ಕೂ ಯೋಗ್ಯರಲ್ಲವೆಂದು ಎಣಿಸಬಹುದಾಗಿತ್ತು. ಹೀಗೆ ಬೇಲಿಗಳನ್ನು ಕಾಯ್ದವರೊಳಗೆ ಮಿಶನರಿಗಳೂ ಇದ್ದರೆಂಬದನ್ನು ನಾವು ಮರೆಮಾಚಬಾರದು. ಅವರು ದಯೆಯಿಂದ ಮಾಡಿದರೆಂಬದೂ ಸತ್ಯ, ಬೇಲಿಯನ್ನು ಕಾಯ್ದರೆಂಬದೂ ಸತ್ಯ. 1952ನೇ ಆಗಸ್ಟ್ 31ರಂದು ಆ ಕಾಯಿದೆಯು ರದ್ದಾಯಿತು. ಕಾಯಿದೆಯು ಹೋದ ಮೇಲೂ ಒಂದು ಕೋಳಿ ಕಾಣೆಯಾದರೆ ಮೊದಲು ಯಾವ ಕೇರಿಯ ಕಡೆಗೆ ಕಣ್ಣು ಹೋಗುವದೆಂಬದನ್ನು ನಮ್ಮ ಓದುಗರಿಗೆ ನಾವು ಹೇಳಿಕೊಡಬೇಕಾದದ್ದಿಲ್ಲ.

ಇಷ್ಟು ಹೇಳಿದ ಮೇಲೆ, ದಸ್ತಗಿರಿಯನ್ನು ಯಾರೂ ಕೇಳಲೇಕೂಡದು, ಆ ಪ್ರಶ್ನೆಯನ್ನು ಅರ್ಜಿಯಿಂದ ಹೊಡೆದುಹಾಕಬೇಕು ಎಂದು ನಾವು ಹೇಳುವೆವೆಂದು ಕೆಲವರು ನಿರೀಕ್ಷಿಸಬಹುದು. ಹಾಗೆ ಹೇಳಲಾರೆವು. ಯಾಕಂದರೆ ಈ ಪ್ರಶ್ನೆಗೆ ಇನ್ನೊಂದು ಕಡೆಯುಂಟು, ಆ ಕಡೆಯಲ್ಲಿರುವವರು ಮಾತಾಡಲು ಬಾರದ ಮಕ್ಕಳು. ಚಿಕ್ಕವರಿಗೆ ಕೇಡು ಮಾಡುವವನ ವಿಷಯವಾಗಿ ಕರ್ತನು ಬೀಸುವ ಕಲ್ಲಿನ ಮಾತನ್ನಾಡಿದ್ದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಅಷ್ಟು ಕಠಿಣವಾದ ಮಾತನ್ನು ಆತನು ಬೇರೆ ಕಡೆ ಆಡಿದ್ದು ವಿರಳ.

ಇಂಗ್ಲೆಂಡಿನಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ತಿಳಿಸಬೇಕು. ಅಲ್ಲಿಯ ಹಂಬರ್‌ಸೈಡ್ ಎಂಬ ಪ್ರಾಂತದ ಪೋಲೀಸಿನವರಿಗೆ 1990ರ ದಶಕದಲ್ಲಿ ಒಬ್ಬ ಮನುಷ್ಯನ ವಿಷಯವಾಗಿ ಎಳೆಯ ಹುಡುಗಿಯರ ಸಂಬಂಧದ ದೂರುಗಳು ಮೇಲಿಂದ ಮೇಲೆ ಬಂದವು. ಅವುಗಳಲ್ಲಿ ಒಂದರಲ್ಲಿಯೂ ಅವನಿಗೆ ಶಿಕ್ಷೆಯಾಗಲಿಲ್ಲ. 2001ರಲ್ಲಿ ಅವನು ಸೋಹಮ್ ಎಂಬ ಊರಿಗೆ ಹೋಗಿ ಒಂದು ಶಾಲೆಯಲ್ಲಿ ಮೇಲ್ವಿಚಾರಕನ ಕೆಲಸವನ್ನು ಹಿಡಿದನು. ಹಿಂದಿನ ದೂರುಗಳ ಸುದ್ದಿಯು ಆ ಶಾಲೆಯವರಿಗೆ ಮುಟ್ಟಲೇ ಇಲ್ಲ. 2002ನೇ ಆಗಸ್ಟಿನಲ್ಲಿ ಅದೇ ಊರಿನ ಹತ್ತು ವರ್ಷದ ಇಬ್ಬರು ಬಾಲಕಿಯರನ್ನು ಅವನು ಕೊಂದನು. ಆ ಮೇಲೆ ವಿಚಾರಣೆಯ ಮಂಡಲಿಯೊಂದು ಕೂತು, ಪೋಲೀಸಿನವರ ದಫ್ತರಗಳು ಒಂದು ಊರಿನಿಂದ ಇನ್ನೊಂದು ಊರಿಗೆ ಯಾಕೆ ಹೋಗಲಿಲ್ಲವೆಂಬದನ್ನು 2004ರಲ್ಲಿ ವಿವರವಾಗಿ ಬರೆಯಿತು. ಶಿಕ್ಷೆಯಾಗದವನು ನಿರ್ದೋಷಿ, ಹಿಂದಿನದನ್ನು ಕೇಳಬೇಡಿರಿ ಎಂಬದು ಒಳ್ಳೇ ಸೂತ್ರವೇ. ಆದರೆ ಆ ಇಬ್ಬರು ಬಾಲಕಿಯರ ತಾಯಂದಿರ ಮುಂದೆ ನಿಂತು ಆ ಸೂತ್ರವನ್ನು ಓದುವ ಧೈರ್ಯವು ನಮಗಿಲ್ಲ.

ನಮ್ಮ ದೇಶದಲ್ಲಿಯೂ ಕಾನೂನು ಈ ಎಚ್ಚರಿಕೆಯನ್ನು ತೆಗೆದುಕೊಂಡಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯಿದೆಯ ಕೆಳಗೆ 2020ರಲ್ಲಿ ಮಾಡಲ್ಪಟ್ಟ ನಿಯಮಗಳ ಪ್ರಕಾರ, ಮಕ್ಕಳನ್ನು ಇಟ್ಟುಕೊಳ್ಳುವ ಇಲ್ಲವೆ ಮಕ್ಕಳೊಂದಿಗೆ ನಿತ್ಯ ವ್ಯವಹರಿಸುವ ಎಲ್ಲಾ ಸಂಸ್ಥೆಗಳವರು, ಶಾಲೆಯಾಗಲಿ ಶಿಶುವಿಹಾರವಾಗಲಿ ಆಟದ ತರಬೇತಿಯ ಸಂಸ್ಥೆಯಾಗಲಿ, ತಮ್ಮ ಕೆಲಸಗಾರರೆಲ್ಲರ ವಿಷಯದಲ್ಲಿ ಆಗಾಗ್ಗೆ ಪೋಲೀಸು ಪರಿಶೀಲನೆಯನ್ನು ಮಾಡಿಸಬೇಕು. ನಮ್ಮ ಸಭೆಗಳ ವಸತಿನಿಲಯಗಳೂ ಇದರಿಂದ ಹೊರಗಲ್ಲ. ಭಾನುವಾರದ ಪಾಠಶಾಲೆಯು ದೇವರ ಕೆಲಸ, ಅದಕ್ಕೆ ಪೋಲೀಸರು ಯಾಕೆ ಎಂದು ಕೇಳುವ ಹಿರಿಯರಿಗೆ ನಾವು ಕೊಡುವ ಉತ್ತರವೇನಂದರೆ, ದೇವರ ಕೆಲಸವೆಂಬ ಹೆಸರಿನ ಹಿಂದೆ ಅಡಗಿಕೊಂಡವರು ಮಕ್ಕಳಿಗೆ ಮಾಡಿದ ಕೇಡಿನ ಸುದ್ದಿಗಳು ಅನೇಕ ದೇಶಗಳ ಸಭೆಗಳಿಂದ ಬಂದು ಮುಗಿದಿಲ್ಲ.

ಹಾಗೆಂದು ಪರಿಶೀಲನೆಯ ಕಾಗದವು ಬಂದ ಕೂಡಲೇ ಮಕ್ಕಳು ಕ್ಷೇಮವೆಂದು ನೆನಸಬಾರದು. ಪೋಕ್ಸೋ ಮೊಕದ್ದಮೆಗಳ ಸರಕಾರೀ ಲೆಕ್ಕಗಳನ್ನು ನೋಡಿದರೆ, ಆಪಾದಿತರಾದವರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಮಂದಿ ಆ ಮಗುವಿಗೆ ಮೊದಲೇ ಗುರುತಿದ್ದವರು: ಮನೆಯವರು, ನೆರೆಯವರು, ನಂಬಿಕೆಯವರು. ಠಾಣೆಯ ಪುಸ್ತಕದಲ್ಲಿ ಹೆಸರಿಲ್ಲದವನು ಒಳ್ಳೆಯವನೆಂದು ಆ ಕಾಗದವು ಹೇಳುವದಿಲ್ಲ. ಅವನ ಹೆಸರು ಪುಸ್ತಕದಲ್ಲಿಲ್ಲವೆಂದು ಮಾತ್ರ ಹೇಳುವದು. ಬದುವಿನ ಜಗಳದಲ್ಲಿ ಹೆಸರು ಬಿದ್ದ ಬಡ ಸೊಸೆಯನ್ನು ಹೊರಗೆ ನಿಲ್ಲಿಸಿ, ಯಾರ ಮೇಲೆಯೂ ದೂರು ಕೊಡುವ ಧೈರ್ಯ ಯಾರಿಗೂ ಬಾರದ ದೊಡ್ಡ ಮನೆಯವನನ್ನು ಒಳಗೆ ಬಿಟ್ಟುಕೊಂಡು, ನಾವು ಮಕ್ಕಳನ್ನು ಕಾಪಾಡಿದೆವೆಂದು ಹೇಳಿಕೊಳ್ಳುವ ಕಮಿಟಿಯವರು ಏನನ್ನು ಕಾಪಾಡಿದರು?

ಆದಕಾರಣ ಕೇಳುವದು ಧರ್ಮವೇ. ಆದರೆ ಕೇಳಿದ ಮೇಲೆ ಕೂತು ಕೇಳಬೇಕು. ಹೌದು ಎಂಬ ಉತ್ತರವನ್ನು ಕಂಡ ಕೂಡಲೇ ಅರ್ಜಿಯನ್ನು ಪಕ್ಕಕ್ಕಿಡುವವನು ಪ್ರಶ್ನೆಯನ್ನು ಕೇಳಲಿಲ್ಲ, ಬಲೆಯನ್ನು ಒಡ್ಡಿದನು. ಯಾವ ವಿಷಯದಲ್ಲಿ ಹಿಡಿಯಲ್ಪಟ್ಟದ್ದು, ಅದು ಮಕ್ಕಳಿಗಾಗಲಿ ನಿರ್ಬಲರಿಗಾಗಲಿ ಮಾಡಿದ ಕೇಡಿಗೆ ಸಂಬಂಧಪಟ್ಟದ್ದೋ, ಒಂದೇ ಸಾರಿ ಆದದ್ದೋ ಪದೇ ಪದೇ ಆದದ್ದೋ, ಹೇಗೆ ಮುಗಿಯಿತು, ಅಂದಿನಿಂದ ಇಂದಿನವರೆಗೆ ಆ ಮನುಷ್ಯನು ಹೇಗೆ ಬದುಕಿದನು, ಇದನ್ನು ಬಲ್ಲವರು ಯಾರು ಎಂಬದನ್ನು ತಿಳಿಯುವದಕ್ಕೆ ಅರ್ಧ ದಿವಸ ಸಾಕು. ಸೋಹಮ್ ಊರಿನ ಸಂಗತಿಯಲ್ಲಿ ಯಾರಾದರೂ ಇಷ್ಟನ್ನು ಕೇಳಿದ್ದರೆ ಆ ಮನುಷ್ಯನು ಶಾಲೆಯೊಳಗೆ ಕಾಲಿಡುತ್ತಿರಲಿಲ್ಲ; ನಮ್ಮ ಸೊಸೆಯ ಸಂಗತಿಯಲ್ಲಿ ಇಷ್ಟನ್ನು ಕೇಳಿದರೆ ಆಕೆಗೆ ಕೆಲಸ ಸಿಕ್ಕುವದು. ಒಂದೇ ಪ್ರಶ್ನೆ ಇಬ್ಬರಿಗೂ ನ್ಯಾಯವನ್ನು ಮಾಡಬಲ್ಲದು, ಪೂರ್ತಿಯಾಗಿ ಕೇಳಿದರೆ.

ನ್ಯಾಯಾಲಯಗಳ ನಡೆಯೂ ಇದಕ್ಕೆ ದೂರವಲ್ಲ. 1999ರಲ್ಲಿ ದೆಹಲಿಯ ಪೋಲೀಸು ಇಲಾಖೆಗೆ ಅರ್ಜಿ ಹಾಕಿದ ಒಬ್ಬ ಯುವಕನು, ಹಿಂದೆ ಒಂದು ಹೊಡೆದಾಟದ ಮೊಕದ್ದಮೆಯಲ್ಲಿ ತನ್ನ ಹೆಸರಿದ್ದು ರಾಜಿಯಿಂದ ಖುಲಾಸೆಯಾದದ್ದನ್ನು ಬರೆಯಲಿಲ್ಲ. ಇಲಾಖೆಯವರು ಅವನನ್ನು ತಳ್ಳಿಬಿಟ್ಟರು. 2011ರಲ್ಲಿ ಸುಪ್ರೀಂ ಕೋರ್ಟು, ಎಳೆಯ ವಯಸ್ಸಿನ ಇಂಥ ತಪ್ಪುಗಳನ್ನು ಜೀವಮಾನದ ಕಳಂಕವನ್ನಾಗಿ ಮಾಡಬಾರದೆಂದು ಅವನ ಪಕ್ಷವಾಗಿ ತೀರ್ಪು ಕೊಟ್ಟಿತು. ಫ್ರೆಂಚ್ ಕಾದಂಬರಿಯೊಂದರಲ್ಲಿ ಹಸಿವಿಗಾಗಿ ರೊಟ್ಟಿಯನ್ನು ಕದ್ದು ಜೀವಮಾನವೆಲ್ಲ ಕಳ್ಳನೆನಿಸಿಕೊಂಡ ಜಾನ್ ವಾಲ್‌ಜಾನನನ್ನು ನ್ಯಾಯಾಧಿಪತಿಗಳು ಅಲ್ಲಿ ನೆನಪಿಸಿಕೊಂಡರು. (ಅದೇ ಕಥೆಯಲ್ಲಿ ಅವನನ್ನು ಮೊದಲ ರಾತ್ರಿ ಮನೆಯೊಳಗೆ ಕರೆದು ಊಟಕ್ಕಿಟ್ಟ ಒಬ್ಬ ಬಿಷಪ್ಪನಿದ್ದಾನೆ, ನ್ಯಾಯಾಧಿಪತಿಗಳಿಗೆ ಕಳ್ಳನು ನೆನಪಿಗೆ ಬಂದದ್ದು ಸರಿ, ನಮ್ಮಂಥವರಿಗೆ ಆ ಬಿಷಪ್ಪನು ನೆನಪಿಗೆ ಬರಬೇಕು.) ಮುಂದೆ 2016ರಲ್ಲಿ ಅದೇ ನ್ಯಾಯಾಲಯದ ಮೂವರು ನ್ಯಾಯಾಧಿಪತಿಗಳು ಇನ್ನೂ ಸ್ಪಷ್ಟವಾಗಿ ಹೇಳಿದರು. ಅರ್ಜಿಯಲ್ಲಿ ಕೇಳಿದ್ದಕ್ಕೆ ಸತ್ಯವನ್ನೇ ಬರೆಯಬೇಕು. ಬಚ್ಚಿಟ್ಟದ್ದು ಹೊರಬಿದ್ದರೆ ಅದರ ಮೇಲೆಯೇ ಕೆಲಸ ಹೋಗಬಹುದು. ವಿಷಯವು ಅಲ್ಪವಾದದ್ದಾದರೆ ಬಚ್ಚಿಟ್ಟದ್ದನ್ನು ಸಹ ಮನ್ನಿಸಬಹುದು. ಕೇಳದೆ ಇದ್ದದ್ದನ್ನು ಹೇಳಲಿಲ್ಲವೆಂದು ಯಾರನ್ನೂ ಸುಳ್ಳುಗಾರರೆನ್ನಬಾರದು. ಆದರೆ ಸತ್ಯವನ್ನು ಬರೆದವನನ್ನು ಸಹ ತೂಗಿ ನೋಡುವ ಅಧಿಕಾರವು ಕೆಲಸ ಕೊಡುವವನಿಗೆ ಉಂಟು. 2018ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಖುಲಾಸೆಯಾದ ಮಾತ್ರಕ್ಕೆ ಕೆಲಸವು ಹಕ್ಕಾಗಿ ಬರುವದಿಲ್ಲ, ಹೇಗೆ ಖುಲಾಸೆಯಾಯಿತೆಂದು ನೋಡಬಹುದೆಂದು ಹೇಳಿದರು. ಈ ಮಾತುಗಳು ಸರಕಾರೀ ನೌಕರಿಗಳ ವಿಷಯದಲ್ಲಿ ಹುಟ್ಟಿದವು, ಅದರಲ್ಲಿಯೂ ಹೆಚ್ಚಾಗಿ ಪೋಲೀಸು ಕೆಲಸದ ವಿಷಯದಲ್ಲಿ. ಆದರೂ ಅವುಗಳ ವಿವೇಕವು ವಸತಿನಿಲಯದ ಕಮಿಟಿಗೂ ಸಲ್ಲುವದು.

ಕೆಲಸವನ್ನು ಹುಡುಕುವವರಿಗೆ ನಾವು ಹೇಳುವದು ಕಠಿಣವಾಗಿ ಕಾಣಬಹುದು. ಕೇಳಿದರೆ ಬರೆಯಿರಿ. ಹಸಿದವಳಿಗೆ ಇದನ್ನು ಹೇಳುವದು ಊಟಮಾಡಿ ಕೂತಿರುವ ನಮಗೆ ಸುಲಭವೆಂದು ಬಲ್ಲೆವು. ಆದರೆ ಇಲ್ಲ ಎಂದು ಬರೆದ ಒಂದು ಶಬ್ದವನ್ನು ಕೆಲಸವಿರುವಷ್ಟು ಕಾಲವೂ ಕಾಯಬೇಕಾಗುವದು. ಊರಿನವನೊಬ್ಬನು ಸಂತೆಯಲ್ಲಿ ಬಾಯಿಬಿಟ್ಟರೆ ಸಾಕು, ಹದಿನಾಲ್ಕು ವರ್ಷದ ಹಿಂದೆ ಮಾಡದಿದ್ದ ತಪ್ಪು ಈಗ ಮಾಡಿದ ತಪ್ಪಾಗುವದು. ಮಕ್ಕಳನ್ನು ನಂಬಿಸಿ ಬಿಡತಕ್ಕ ಕೆಲಸವನ್ನು ನಂಬಿಕೆಯನ್ನು ಮುರಿದು ಪಡೆಯುವದರಲ್ಲಿ ಏನೋ ಒಂದು ಓರೆಯೂ ಉಂಟು. ಬರೆಯುವ ಮುಂಚೆ ಪ್ರಶ್ನೆಯನ್ನು ಎರಡು ಸಾರಿ ಓದಬೇಕು: ಶಿಕ್ಷೆಯಾಗಿದೆಯೋ ಎಂದು ಕೇಳಿದ್ದರೆ ಅದು ದಸ್ತಗಿರಿಯಾಗಿದ್ದೀರೋ ಎಂಬ ಪ್ರಶ್ನೆಯಲ್ಲ, ಅದಕ್ಕೆ ಇಲ್ಲವೆಂದು ಬರೆಯುವದು ಸುಳ್ಳಲ್ಲ. ಹದಿನೆಂಟು ವರ್ಷ ತುಂಬುವ ಮುಂಚೆ ಆದದ್ದರ ವಿಷಯದಲ್ಲಿ 2015ರ ಬಾಲನ್ಯಾಯದ ಕಾಯಿದೆಯು, ಅದರಿಂದ ಮುಂದೆ ಯಾವ ಅನರ್ಹತೆಯೂ ಬರಬಾರದೆಂದು ವಿಧಿಸಿದೆ. ಹದಿನಾರು ದಾಟಿದವರು ಘೋರವಾದ ಅಪರಾಧದಲ್ಲಿ ದೊಡ್ಡವರಂತೆ ವಿಚಾರಿಸಲ್ಪಟ್ಟಿದ್ದರೆ ಮಾತ್ರ ಬೇರೆ. 2019ರಲ್ಲಿ ಸುಪ್ರೀಂ ಕೋರ್ಟು ಬಾಲಕನಾಗಿದ್ದಾಗಿನ ಮೊಕದ್ದಮೆಯನ್ನು ಮುಂದಿಟ್ಟು ಕೆಲಸವನ್ನು ತಪ್ಪಿಸಕೂಡದೆಂದು ಈ ತತ್ವವನ್ನು ಎತ್ತಿಹಿಡಿಯಿತು.

ಇನ್ನು ಸಭೆಯವರ ಭಾಗ. ಇಲ್ಲಿ ನಾವು ಸ್ವಲ್ಪ ನಿಂತು ಮಾತಾಡಬೇಕು, ಯಾಕಂದರೆ ನಮ್ಮ ತಪ್ಪು ಇಲ್ಲಿಯೇ ಹೆಚ್ಚು. ಸೌಲನು ದಮಸ್ಕದಿಂದ ಯೆರೂಸಲೇಮಿಗೆ ಬಂದು ಶಿಷ್ಯರ ಜೊತೆಗೆ ಸೇರಬೇಕೆಂದಾಗ ಅವರೆಲ್ಲರೂ ಅವನಿಗೆ ಭಯಪಟ್ಟರೆಂದು ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ ಓದುತ್ತೇವೆ. ಭಯಪಟ್ಟದ್ದಕ್ಕಾಗಿ ಶಾಸ್ತ್ರವು ಅವರನ್ನು ಗದರಿಸುವದಿಲ್ಲವೆಂಬದನ್ನು ನೋಡಿರಿ. ಮನೆಮನೆಗೆ ನುಗ್ಗಿ ಗಂಡಸರನ್ನೂ ಹೆಂಗಸರನ್ನೂ ಸೆರೆಮನೆಗೆ ಎಳೆಸಿದವನು ಅವನು. ನಮ್ಮ ಸೊಸೆಯ ಹಾಗೆ ಬರೀ ಸಂಶಯಕ್ಕೆ ಒಳಗಾದವನಲ್ಲ. ಆಗ ಬಾರ್ನಬನು ಅವನನ್ನು ಕರೆದುಕೊಂಡು ಹೋದನು. ಇವನು ಒಳ್ಳೆಯವನು, ಹಳೆಯದನ್ನು ಬಿಡಿರಿ ಎಂದು ಬಾರ್ನಬನು ಹೇಳಲಿಲ್ಲ. ದಾರಿಯಲ್ಲಿ ಇವನು ಕರ್ತನನ್ನು ಕಂಡದ್ದು ಹೀಗೆ, ಕರ್ತನು ಇವನೊಂದಿಗೆ ಮಾತಾಡಿದ್ದುಂಟು, ದಮಸ್ಕದಲ್ಲಿ ಇವನು ಧೈರ್ಯದಿಂದ ಸಾರಿದ್ದು ಹೀಗೆ ಎಂದು ಒಂದೊಂದಾಗಿ ವಿವರಿಸಿದನು. ಅವನು ವಿಷಯವನ್ನು ಮೊದಲೇ ವಿಚಾರಿಸಿ ತಿಳಿದಿದ್ದನು, ತಿಳಿದದ್ದನ್ನು ಹೇಳಿದನು, ಹೇಳಿದ ಮೇಲೆ ತಾನೂ ಪಕ್ಕದಲ್ಲಿ ನಿಂತನು.

ನಮ್ಮಲ್ಲಿ ಬರೆಯಲ್ಪಡುವ ನಡತೆಯ ಪತ್ರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಾಚಿಕೆಯಾಗುವದು. ಇವರು ನಮ್ಮ ಸಭೆಯವರು, ಸನ್ನಡತೆಯುಳ್ಳವರು ಎಂಬ ಎರಡೇ ಮಾತು, ಕೆಳಗೆ ಮೊಹರು. ಒಳ್ಳೆಯವನಿಗೂ ಅದೇ, ಕೆಟ್ಟವನಿಗೂ ಅದೇ. ಕೇಳಿದವರಿಗೆಲ್ಲ ಕೊಟ್ಟದ್ದರಿಂದ ಅದಕ್ಕೆ ಬೆಲೆಯೇ ಉಳಿದಿಲ್ಲ, ನಿಜವಾಗಿ ಬೇಕಾದವಳಿಗೆ ಅದು ಆಧಾರವಾಗುವದೂ ಇಲ್ಲ. ಬೋಧಕರೇ, ಈ ಸ್ತ್ರೀಗೆ ಪತ್ರವನ್ನು ಕೊಡುವದಾದರೆ ಹೀಗೆ ಬರೆಯಿರಿ: ಇಂಥ ವರ್ಷದಲ್ಲಿ ಇಂಥ ಮೊಕದ್ದಮೆಯಲ್ಲಿ ಇವರ ಹೆಸರಿತ್ತು, ಅದು ಇಂಥ ರೀತಿಯಲ್ಲಿ ಮುಗಿಯಿತು, ಅಂದಿನಿಂದ ಇಷ್ಟು ವರ್ಷ ನಾವು ಇವರನ್ನು ನೋಡಿದ್ದೇವೆ, ನೆರೆಯ ಮಕ್ಕಳನ್ನು ಇವರ ಬಳಿಯಲ್ಲಿ ಬಿಟ್ಟುಹೋಗುವ ತಾಯಂದಿರು ಇಂಥವರಿದ್ದಾರೆ, ಬೇಕಾದರೆ ಅವರನ್ನು ಕೇಳಿರಿ. ಗೊತ್ತಿಲ್ಲದವರ ವಿಷಯದಲ್ಲಿ ಗೊತ್ತಿಲ್ಲವೆಂದೇ ಬರೆಯಿರಿ. ಫರೋಹನ ಪಾನದಾಯಕನನ್ನು ಸಹ ಮರೆಯಬೇಡಿರಿ. ಯೋಸೇಫನ ಮೇಲಿದ್ದ ಅಪವಾದವು ಬದುವಿನ ಜಗಳದ್ದಲ್ಲ, ಸ್ತ್ರೀಯ ಮೇಲೆ ಕೈಯಿಟ್ಟನೆಂಬ ಅಪವಾದವು, ಅದು ಸುಳ್ಳು. ಅವನ ಪಕ್ಷವಾಗಿ ಒಂದು ಮಾತು ಹೇಳಬಲ್ಲವನಾಗಿದ್ದ ಆ ಪಾನದಾಯಕನು ಬಿಡುಗಡೆಯಾಗಿ ಹೋಗಿ ಎರಡು ವರ್ಷ ಪೂರ್ತಿ ಅವನನ್ನು ಮರೆತೇಬಿಟ್ಟನು. ವಿರೋಧಿಗಳು ಮಾಡಿದ ಕೇಡಿನಷ್ಟೇ ಕೇಡನ್ನು ಮರೆವು ಮಾಡಿತು.

ಯೋಸೇಫನ ಹೆಸರನ್ನು ಎತ್ತಿದ್ದರಿಂದ, ಎಲ್ಲಕ್ಕಿಂತ ಕಷ್ಟವಾದ ಸಂಗತಿಗೆ ಬರಲೇಬೇಕಾಗಿದೆ. ಒಬ್ಬನ ಮೇಲೆ ಮಗುವಿಗೇ ಕೇಡು ಮಾಡಿದನೆಂಬ ದೂರು ಬಂದು, ಸಾಕ್ಷಿಗಳು ಹಿಂದೆಗೆದದ್ದರಿಂದ ಇಲ್ಲವೆ ಸಂಶಯದ ಲಾಭದಿಂದ ಬಿಡುಗಡೆಯಾಗಿದ್ದರೆ ಏನು ಮಾಡಬೇಕು? ಇಂಗ್ಲೆಂಡಿನ ಸುಪ್ರೀಂ ಕೋರ್ಟಿಗೆ 2018ರಲ್ಲಿ ಇದಕ್ಕೆ ಸಮೀಪವಾದ ಮೊಕದ್ದಮೆಯು ಬಂತು. ಉಪಾಧ್ಯಾಯನಾಗಲು ತರಬೇತಿ ಪಡೆದಿದ್ದ ಒಬ್ಬನು ಟ್ಯಾಕ್ಸಿ ಓಡಿಸುತ್ತಿದ್ದಾಗ ಅತ್ಯಾಚಾರದ ಆಪಾದನೆಗೆ ಗುರಿಯಾಗಿ 2011ರಲ್ಲಿ ಖುಲಾಸೆಯಾಗಿದ್ದನು. ಆಮೇಲೆ ಅವನು ಬೋಧಕನ ಕೆಲಸಕ್ಕೆ ಅರ್ಜಿ ಹಾಕಲು, ಪೋಲೀಸಿನವರ ಕಾಗದದಲ್ಲಿ ಆ ಆಪಾದನೆಯೂ ಖುಲಾಸೆಯೂ ಎರಡೂ ಬರೆಯಲ್ಪಟ್ಟವು. ಹಾಗೆ ತಿಳಿಸಿದ್ದು ಕಾನೂನಿಗೆ ವಿರುದ್ಧವಲ್ಲವೆಂದು ನ್ಯಾಯಾಲಯವು ಹೇಳಿತು. ಆದರೆ ಇಂಥ ಕಾಗದವನ್ನು ಕಂಡ ಯಜಮಾನರು ಅದನ್ನು ಹೇಗೆ ತೂಗುವರೆಂಬದಕ್ಕೆ ಸರಿಯಾದ ಮಾರ್ಗದರ್ಶನವಿಲ್ಲವೆಂದು ಕಳವಳವನ್ನೂ ಸೂಚಿಸಿತು. ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ದೂರು ಮಗುವಿನ ವಿಷಯದ್ದಾಗಿದ್ದು, ಅದು ಸುಳ್ಳೆಂದು ತೋರಿಸುವ ಆಧಾರವೇನೂ ಸಿಕ್ಕದಿದ್ದರೆ, ಅಂಥವನನ್ನು ಮಕ್ಕಳ ಬಳಿಯ ಕೆಲಸಕ್ಕೆ ಇಡಬಾರದು. ಮಗುವಿನ ಕಡೆಗೆ ಆಗುವ ತಪ್ಪನ್ನು ಹಿಂದಿರುಗಿಸಲಾಗದು. ಅವನ ಕಡೆಗೆ ಆಗುವ ತಪ್ಪಿಗೆ ಬೇರೆ ಕೆಲಸದಿಂದ ಒಂದಿಷ್ಟು ಪರಿಹಾರವನ್ನಾದರೂ ಕೊಡಬಹುದು.

ಹೀಗೆ ಹೇಳುವಾಗ ನಾವು ಏನು ಹೇಳುತ್ತಿದ್ದೇವೆಂಬದು ನಮಗೆ ಗೊತ್ತುಂಟು. ಯೋಸೇಫನೇ ಈ ಅರ್ಜಿಯನ್ನು ತಂದಿದ್ದರೆ ಅವನನ್ನೂ ನಾವು ಹಿಂದಕ್ಕೆ ಕಳುಹಿಸುತ್ತಿದ್ದೆವು. ಕೆಲಸ ಕೊಡದಿರುವದು ಶಿಕ್ಷೆಯಲ್ಲವೆಂದು ಕೆಲವರು ಸಮಾಧಾನ ಹೇಳಿಕೊಳ್ಳುವರು. ಒಲೆ ಹಚ್ಚಲಾರದ ಮನೆಯವನಿಗೆ ಅದು ಶಿಕ್ಷೆಯೇ, ನಿರ್ದೋಷಿಗೆ ಎರಡರಷ್ಟು. ಹೀಗಿರುವಲ್ಲಿ, ನಮ್ಮ ಮಕ್ಕಳ ಕ್ಷೇಮಕ್ಕಾಗಿ ಒಬ್ಬ ನಿರ್ದೋಷಿಯು ನಷ್ಟವನ್ನು ಹೊರಬೇಕಾದರೆ, ಆ ಹೊರೆಯನ್ನು ಅವನೊಬ್ಬನ ಹೆಗಲಿಗೇ ಬಿಡುವ ಹಕ್ಕು ನಮಗೆಲ್ಲಿಯದು? ಅವನಿಗೆ ಕಾರಣವನ್ನು ಮುಖಕ್ಕೆ ಮುಖ ಹೇಳಬೇಕು, ಅವನ ಹಿಂದೆ ಅಲ್ಲ. ಸಭೆಯ ತೋಟದಲ್ಲೋ ಕಟ್ಟಡದ ಕೆಲಸದಲ್ಲೋ ಸಭಿಕರ ಅಂಗಡಿಯಲ್ಲೋ ಅವನಿಗೆ ಒಂದು ಜೀವನವನ್ನು ಹುಡುಕಿಕೊಡಬೇಕು. ಕರ್ತನ ಭೋಜನದಲ್ಲಿ ಅವನ ಪಕ್ಕದಲ್ಲಿ ಕೂತುಕೊಳ್ಳಬೇಕು. ಇದನ್ನು ಮಾಡಲಾರದ ಸಭೆಯವರಿಗೆ ಅವನನ್ನು ಹೊರಗಿಡುವ ಬಾಯಿಯೂ ಇಲ್ಲವೆಂದು ನಮಗೆ ತೋರುತ್ತದೆ.

ನಮ್ಮ ಸೊಸೆಯ ಸಂಗತಿಯು ಅಷ್ಟು ಕಷ್ಟದ್ದಲ್ಲ; ಅದಕ್ಕೆ ಬೇಕಾದದ್ದು ಸ್ವಲ್ಪ ಓಡಾಟ ಮಾತ್ರ. ಆಕೆಯು ಹೌದು ಎಂದು ಬರೆದು, ಆ ಬೆರಳಿನಷ್ಟು ಸ್ಥಳವು ಸಾಲದೆಂದು ಪ್ರತ್ಯೇಕ ಹಾಳೆಯಲ್ಲಿ ನಡೆದದ್ದನ್ನು ಐದಾರು ಸಾಲಿನಲ್ಲಿ ತಿಳಿಸಲಿ. ಮೊಕದ್ದಮೆಯು ಮುಗಿದ ಆಜ್ಞೆಯ ದೃಢೀಕೃತ ನಕಲನ್ನು ನ್ಯಾಯಾಲಯದಿಂದ ಪಡೆದು ಅದಕ್ಕೆ ಹೊಂದಿಸಲಿ. ನಕಲಿಗೆ ಮೊಕದ್ದಮೆಯ ನಂಬರೂ ವರ್ಷವೂ ಬೇಕು; ಕಾಗದಗಳು ಕಳೆದುಹೋಗಿದ್ದರೆ ಜಾಮೀನಿಗೆ ನಿಂತವರ ಬಳಿಯಲ್ಲೋ ಅಂದಿನ ವಕೀಲರ ಬಳಿಯಲ್ಲೋ ಸಿಕ್ಕಬಹುದು. ಕಡೂರಿನ ಕಡೆಯವರು ಕಡೂರಿನ ನ್ಯಾಯಾಲಯದಲ್ಲಿ ಕೇಳಬೇಕು. ಅಜ್ಜಂಪುರವು ಪ್ರತ್ಯೇಕ ತಾಲ್ಲೂಕಾಗುವದಕ್ಕೆ ಮುಂಚೆ ತರೀಕೆರೆಗೆ ಸೇರಿದ್ದ ಹೋಬಳಿಯಾದದ್ದರಿಂದ, ಆ ಕಡೆಯ ಹಳೆಯ ಮೊಕದ್ದಮೆಗಳನ್ನು ತರೀಕೆರೆಯಲ್ಲಿ ವಿಚಾರಿಸುವದು ಲೇಸು. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಸ್ತ್ರೀಯರಿಗೆ ಆದಾಯವನ್ನು ನೋಡದೆ ವಕೀಲರ ಸಹಾಯವನ್ನು ಬಿಟ್ಟಿಯಾಗಿ ಕೊಡುವರು. ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿದರೆ ಆಯಿತು. ಬಸ್ಸಿನ ಖರ್ಚನ್ನು ಸಭೆಯ ಪೆಟ್ಟಿಗೆಯಿಂದ ಕೊಡಬಹುದು. ಸಭೆಯ ಹಿರಿಯರಲ್ಲಿ ಒಬ್ಬರೂ ಅವರ ಹೆಂಡತಿಯೂ ಆಕೆಯ ಜೊತೆಗೆ ಹೋಗಲಿ. ಯಾಕಂದರೆ ಆಕೆಯು ಆ ಕಟ್ಟಡದ ಮೆಟ್ಟಿಲುಗಳನ್ನು ಕೊನೆಯ ಸಾರಿ ಹತ್ತಿದಾಗ ನಮ್ಮಲ್ಲಿ ಯಾರೂ ಹೋಗಿರಲಿಲ್ಲ.